ಎಡಕ್ಕೆ ತಿರುಗುವ ನಿಬ್ಬು

ಮಾರ್ಚ್ 3, ಸೋಮವಾರ

ಪೆನ್ನು ರಿಪೇರಿ ಅಂಗಡಿಯ ಶಟರ್ ಎತ್ತಿದ್ದೇ ತಡ, ಪ್ರೊಫೆಸರ್ ಹಾಜರು. ಮೆಟ್ಟಿಲ ಮೇಲೆ ಕಾಯುತ್ತಿದ್ದರಂತೆ. ಅದೇ ಹಸಿರು ಪೆನ್ನು, ಅದೇ ದೂರು. ಕ್ಯಾಪು ಕೂರುವುದಿಲ್ಲ.

"ಹೋದ ವಾರ ಸರಿ ಮಾಡ್ಕೊಟ್ಟಿದ್ದೆನಲ್ಲ ಸರ್?"

"ಮಾಡ್ಕೊಟ್ರಿ. ಮತ್ತೆ ಕೆಟ್ಟೋಯ್ತು."

ಕೆಟ್ಟೂ ಇಲ್ಲ, ಮಣ್ಣೂ ಇಲ್ಲ. ಥ್ರೆಡ್ಡಿಗೆ ಅಡ್ಡಡ್ಡ ಹತ್ತಿಸಿ ಒತ್ತಿ ತಿರುಗಿಸುತ್ತಾರೆ, ಡಬ್ಬಿ ಮುಚ್ಚಳ ಹಾಕಿದ ಹಾಗೆ. ಕ್ಯಾಪು ಓರೆಯಾಗಿ ನಿಲ್ಲುತ್ತದೆ, ಬೈಗುಳ ಪೆನ್ನಿಗೆ. ಮತ್ತೆ ತೋರಿಸಿದೆ. ಮೊದಲು ಹಿಂದಕ್ಕೆ ತಿರುಗಿಸಿ, ಬಿಚ್ಚುವ ದಿಕ್ಕಿಗೆ. ಟಕ್ ಅಂತ ಒಂದು ಚೂರು ಕೆಳಗಿಳಿಯುತ್ತೆ. ಆಮೇಲೆ ಮುಂದಕ್ಕೆ. ಕಣ್ಣು ಬೇಡ, ಕಿವಿ ಸಾಕು... ಅಣ್ಣನ ಪಾಠ. ಅವನು ಹೇಳಿದಾಗ ತಲೆಯಾಡಿಸುತ್ತಿದ್ದರು. ನಾನು ಹೇಳಿದರೆ "ನೋಡೋಣ" ಅನ್ನುತ್ತಾರೆ. ನೋಡಿ ಸ್ವಾಮಿ, ನಿಮಗೆ ಬಿಟ್ಟದ್ದು.

ಅಣ್ಣನ ಪೆನ್ನೂ ಮತ್ತೆ ಬಂದಿದೆ. ನಿನ್ನೆ ಸಂಜೆ ಅವನ ಮನೆಗೆ ಹೋದಾಗ ಅತ್ತಿಗೆ ಹಳೇ ಬಟ್ಟೆಯಲ್ಲಿ ಸುತ್ತಿ ಕೈಗಿಟ್ಟರು. "ಮತ್ತೆ ಲೀಕು. ಬೆಡ್‌ಶೀಟ್ ನೋಡು. ಒಗೆದೂ ಒಗೆದೂ ನನ್ನ ರಟ್ಟೆ ಬಿದ್ದೋಯ್ತು." ನೋಡಿದೆ. ನಿಬ್ಬು ಎಡಕ್ಕೆ ತಿರುಗಿದೆ. ಕೆಳಗೆ ಇಂಕು ತರುವ ಕಪ್ಪು ನಾಲಿಗೆ ಒಂದು ಕಡೆ, ಮೇಲಿನ ನಿಬ್ಬು ಇನ್ನೊಂದು ಕಡೆ. ಎರಡಕ್ಕೂ ಹೊಂದಾಣಿಕೆ ಇಲ್ಲದಿದ್ದರೆ ಇಂಕು ತನಗೆ ತೋಚಿದಲ್ಲಿ ಹರಿಯುತ್ತದೆ. ಈಗಾಗಲೇ ಎರಡು ಸಲ ನೆಟ್ಟಗೆ ಕೂರಿಸಿ ಕೊಟ್ಟಿದ್ದೇನೆ.

ಲಕ್ವ ಹೊಡೆದ ಮೇಲೆ ಅವನ ಬಲಗೈ ಮಡಿಲಲ್ಲೇ ಬಿದ್ದಿರುತ್ತದೆ. ಮಾತು ಒಂದೊಂದೇ ಪದ. ಎಡಗೈಯಲ್ಲಿ ಬರೆದು ರೂಢಿ ಮಾಡ್ಕೊಳ್ಳಿ ಅಂತ ಫಿಸಿಯೋದವಳು ಹೇಳಿದಳು. ಬಾಲ್‌ಪೆನ್ ಕೊಟ್ಟರೆ ಎಸೆದ. ತನ್ನ ಹಳೇ ಕರೀ ಪೆನ್ನೇ ಬೇಕಂತೆ. ಹಟ ಮಾತ್ರ ಒಂದಿಷ್ಟೂ ಕುಗ್ಗಿಲ್ಲ.

ಪಕ್ಕದ ಜೆರಾಕ್ಸಿನವನು ಇವತ್ತೂ ತಲೆ ಹಾಕಿದ. "ಅಕ್ಕ, ಏನ್ ಯೋಚ್ನೆ ಮಾಡಿದ್ರಿ?" ಗೋಡೆ ಒಡೆದು ಎರಡೂ ಅಂಗಡಿ ಒಂದು ಮಾಡುವ ಆಸೆ ಅವನಿಗೆ. ತಿಂಗಳ ಕೊನೆಗೆ ಹೇಳ್ತೀನಿ ಅಂದೆ. ಅಣ್ಣ ಬೆಂಚಿಗೆ ವಾಪಸ್ ಬರುವ ಹಾಗಿದ್ದರೆ ಇಟ್ಟುಕೊಳ್ಳುವುದು. ಇಲ್ಲದಿದ್ದರೆ ಕೊಡುವುದು. ಒಬ್ಬಳ ಕೈಲಿ ಆಗುತ್ತಿಲ್ಲ. ಆದರೆ ಅಣ್ಣನನ್ನು ಈ ಮಾತು ಕೇಳುವವರು ಯಾರು?

ಮಾರ್ಚ್ 5, ಬುಧವಾರ

ಕರೀ ಪೆನ್ನು ಪೂರ್ತಿ ಬಿಚ್ಚಿದೆ. ಸೈಕಲ್ ಟ್ಯೂಬಿನ ತುಂಡು ಸುತ್ತಿ ಹಿಡಿದು ಎಳೆದರೆ ನಿಬ್ಬೂ ನಾಲಿಗೆಯೂ ಸಲೀಸಾಗಿ ಬಂದವು. ಬರಬಾರದು ಅಷ್ಟು ಸಲೀಸಾಗಿ. ಹಿಡಿತ ಸಡಿಲ.

ಯಾಕೆ? ಒಂದೋ ನಾಲಿಗೆ ಸವೆದಿರಬೇಕು, ಇಲ್ಲವೇ ಅದು ಕೂರುವ ತೂತು ಅಗಲವಾಗಿರಬೇಕು, ಇಲ್ಲವೇ ಪೆನ್ನಿನ ಕತ್ತಿನಲ್ಲಿ ಎಲ್ಲೋ ಕೂದಲೆಳೆಯ ಬಿರುಕು. ಕತ್ತನ್ನು ದೀಪದ ಮುಂದೆ ಹಿಡಿದು ಮಸೂರದಲ್ಲಿ ಸುತ್ತಲೂ ನೋಡಿದೆ. ಬಿರುಕಿಲ್ಲ. ನಾಲಿಗೆಯ ಬೆನ್ನು ಮಾತ್ರ ಒಂಚೂರು ನಯ. ಎಬೊನೈಟ್, ಗಟ್ಟಿ ರಬ್ಬರ್ ಅಲ್ಲವೇ, ಬಿಸಿನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿ ನಿಬ್ಬಿಗೆ ಒತ್ತಿ ಹಿಡಿದೆ. ಆರುವ ತನಕ ಹೆಬ್ಬೆರಳು ಸುಟ್ಟುಕೊಂಡು ಕೂತಿದ್ದೆ. ಈಗ ಎರಡರ ನಡುವೆ ಬೆಳಕು ತೂರುವುದಿಲ್ಲ.

ಕಣ್ಣು ಉರಿ. ಮಸೂರ ತೆಗೆದ ಮೇಲೂ ಅರ್ಧ ಗಂಟೆ ಎಲ್ಲಾ ಮಂಜುಮಂಜು. ಈ ಹಿಡಿತದ ಕೆಲಸವೆಲ್ಲ ಅಣ್ಣನದು. ನನ್ನದು ತೊಳೆಯುವುದು, ಉಜ್ಜುವುದು, ನಿಬ್ಬು ನಯ ಮಾಡುವುದು. ಅವನು ಕಣ್ಣು ಮುಚ್ಚಿ ಬೆರಳಲ್ಲೇ ಹೇಳುತ್ತಿದ್ದ, ಇದು ಬಿಗಿ, ಇದು ಸಡಿಲ, ಇದು ಸುಳ್ಳು ಬಿಗಿ. ಸುಳ್ಳು ಬಿಗಿ ಅಂದರೆ ಕೈಗೆ ಗಟ್ಟಿ ಅನ್ನಿಸಿ ನಾಲ್ಕು ಸಾಲು ಬರೆದರೆ ಜಾರುವಂಥದ್ದು, ಅದು ನನಗೆ ಅರ್ಥವಾಗಲಿಕ್ಕೇ ವರ್ಷಗಟ್ಟಲೆ ಬೇಕಾಯಿತು.

ಮಾರ್ಚ್ 6, ಗುರುವಾರ

ಇಂಕು ತುಂಬಿ ರಾತ್ರಿಯಿಡೀ ಲೋಟದಲ್ಲಿ ತಲೆಕೆಳಗಾಗಿ ನಿಲ್ಲಿಸಿದ್ದೆ. ಕೆಳಗೆ ಬ್ಲಾಟಿಂಗ್ ಪೇಪರ್. ಒಂದು ಚುಕ್ಕಿಯೂ ಇಲ್ಲ. ಸಂಜೆ ಕೊಟ್ಟು ಬಂದೆ. ಅಣ್ಣ ಎಡಗೈಯಲ್ಲಿ ತಗೊಂಡ, ತಿರುಗಿಸಿ ನೋಡಿದ, ಕಿವಿಯ ಹತ್ತಿರ ಹಿಡಿದು ಕ್ಯಾಪು ಬಿಚ್ಚಿ ಹಾಕಲು ನೋಡಿದ. ಒಂದೇ ಕೈಲಿ ಆಗಲಿಲ್ಲ. ಪೆನ್ನನ್ನು ಮೊಣಕಾಲುಗಳ ಮಧ್ಯೆ ಸಿಕ್ಕಿಸಿಕೊಂಡು ಕ್ಯಾಪು ಹಿಂದಕ್ಕೆ ತಿರುಗಿಸಿದ. ಟಕ್. ಆಮೇಲೆ ಮುಂದಕ್ಕೆ.

"ಪ್ರೊಫೆಸರ್‌ಗಿಂತ ನೀನೇ ವಾಸಿ ಬಿಡಣ್ಣ" ಅಂದೆ. ಬಾಯಿ ಒಂದು ಕಡೆಗೆ ಮಾತ್ರ ನಕ್ಕಿತು. ಚಹಾ ಕುಡಿಯುತ್ತಾ ಕೂತಿದ್ದೆ, ಅಲ್ಲೇ ನಿದ್ದೆ ಹೋದೆನಂತೆ, ಲೋಟ ಕೈಯಲ್ಲೇ. ಅತ್ತಿಗೆ ಎಬ್ಬಿಸಿ ಕಳಿಸಿದರು.

ಮಾರ್ಚ್ 11, ಮಂಗಳವಾರ

ಮತ್ತೆ ಲೀಕು. ಮತ್ತೆ ಎಡಕ್ಕೆ.

ಏನು ಗ್ರಹಚಾರವೋ. ಅಂಗಡಿಯಲ್ಲಿ ಸಾಧು, ಅವನ ಮನೆಗೆ ಹೋದರೆ ಪುಂಡ.

ಮಾರ್ಚ್ 12, ಬುಧವಾರ, ಮಧ್ಯಾಹ್ನ

ಅತ್ತಿಗೆಗೆ ಫೋನ್ ಮಾಡಿ ಕೇಳಿದೆ. ಕೆಳಗೆ ಬೀಳಿಸ್ತಾನಾ? ಇಲ್ಲ. ಒತ್ತಿ ಬರೀತಾನಾ?

"ಬರೆಯೋದೇ ನಾನು ನೋಡಿಲ್ಲಮ್ಮ. ಬೆಳಿಗ್ಗೆ ಫಿಸಿಯೋದವಳ ಮುಂದೆ ನಾಲ್ಕು ಗೆರೆ ಎಳೀತಾರೆ, ಅಷ್ಟೆ. ಮಧ್ಯಾಹ್ನ ನಾನು ಒಂಚೂರು ಅಡ್ಡಾಗ್ತೀನಲ್ಲ, ಎದ್ದು ಬರೋಷ್ಟರಲ್ಲಿ ಕೈಯೆಲ್ಲ ಇಂಕು. ಹೆಬ್ಬೆರಳಂತೂ ಬದನೆಕಾಯಿ."

ಹಾಗಾದರೆ ಎಡಗೈ ಹಿಡಿತದ್ದೇ ದೋಷ. ತುದಿಯಲ್ಲಿ ಹಿಡಿದು ಬರೆಯುತ್ತಾನೆ, ಹೆಬ್ಬೆರಳು ನಿಬ್ಬಿನ ಮೇಲೇ ಬೀಳುತ್ತದೆ, ದಿನಾ ಒಂದೊಂದು ಚೂರು ನೂಕುತ್ತದೆ. ಸರಿಹೋಯಿತು ಲೆಕ್ಕ. ಇನ್ನೂ ಬಿಗಿ ಮಾಡಬೇಕು, ಅಷ್ಟೇ.

ಮಾರ್ಚ್ 17, ಸೋಮವಾರ

ಬಿಗಿ ಮಾಡಿದೆ. ಕೊಟ್ಟೆ. ಮೂರೇ ದಿನ. ಎಡಕ್ಕೆ!

ಮೊನ್ನೆ ಅವನ ಎದುರಿಗೇ ಬಿಚ್ಚಿ ಕೂರಿಸಿ ತೋರಿಸಿದ್ದೆ, ಹೆಬ್ಬೆರಳು ಇಲ್ಲಿ ಇಡಬೇಡ ಅಂತ. ಅಕ್ಷರ ಕಲಿಸಿದವನಿಗೇ ಅಕ್ಷರ ಹೇಳಿಕೊಟ್ಟ ಹಾಗೆ. ಅವನು ಪೆನ್ನು ನೋಡಲಿಲ್ಲ, ನನ್ನ ಕೈ ನೋಡುತ್ತಿದ್ದ. ಸಿಟ್ಟು ಬಂದು "ಕೇಳಿಸ್ಕೊಳ್ತಾ ಇದೀಯಾ?" ಅಂತ ಗದರಿದೆ. ಗದರಬಾರದಿತ್ತು.

ಸೈಕಲ್ ಟ್ಯೂಬಿನ ತುಂಡು ಕಾಣುತ್ತಿಲ್ಲ. ಬೆಂಚಿನ ಮೇಲಿಲ್ಲ, ಚೀಲದಲ್ಲಿಲ್ಲ. ಎಲ್ಲಿಟ್ಟೆನೋ. ತಲೆ ನೆಟ್ಟಗಿದ್ದರೆ ತಾನೇ. ಇವತ್ತು ಒಬ್ಬ ವಕೀಲರ ಪೆನ್ನಿನ ಕ್ಯಾಪು ಇನ್ನೊಬ್ಬರ ಪೆನ್ನಿಗೆ ಹಾಕಿ ಕಳಿಸುತ್ತಿದ್ದೆ. ನೋಡಲಿಕ್ಕೆ ಒಂದೇ ಜಾತಿ, ಒಂದೇ ಬಣ್ಣ. ತಿರುಗಿಸುವಾಗ ಕೊನೆಯ ಸುತ್ತು ಸಡಿಲ ಅನ್ನಿಸಿ ತಡೆದೆ. ಪುಣ್ಯ.

ಮಾರ್ಚ್ 19, ಬುಧವಾರ

ಅರಗು ಹಾಕಿದೆ.

ಬರೆಯುವಾಗಲೂ ಕೈ ಹಿಂಜರಿಯುತ್ತದೆ. ಅಂಟಿಸಲು ಅರಗನ್ನು ಪೆನ್ನಿನ ಕತ್ತಿಗೆ ಹಾಕಬಹುದು, ಇಂಕು ತುಂಬುವ ಬ್ಯಾರೆಲ್ಲಿಗೆ ಹಾಕಬಹುದು. ನಿಬ್ಬಿಗೆ ಹಾಕಬಾರದು. ನಿಬ್ಬು ತನ್ನ ಹಿಡಿತದಲ್ಲೇ ನಿಲ್ಲಬೇಕು. ನಾನು ಕೆಲಸಕ್ಕೆ ಕೂತ ಹೊಸದರಲ್ಲಿ ಒಮ್ಮೆ ಅರಗಿನ ಬಾಟಲಿ ನಿಬ್ಬಿನ ಹತ್ತಿರ ತಂದಿದ್ದಕ್ಕೆ ಅಣ್ಣ ಕೈಯಿಂದ ಕಿತ್ತುಕೊಂಡಿದ್ದ. "ನಾಳೆ ಇದನ್ನ ಬಿಚ್ಚೋನು ಒಬ್ಬ ಇರ್ತಾನೆ ಕಣೇ. ಅವನ ಗತಿ ಏನು?"

ಯಾರೂ ಬಿಚ್ಚುವುದಿಲ್ಲ ಇದನ್ನು. ಅಣ್ಣನ ಪೆನ್ನು, ಅಣ್ಣನ ಹಾಸಿಗೆ, ನಾಲ್ಕು ಗೆರೆ. ನನಗೂ ಸಾಕಾಗಿದೆ, ಅತ್ತಿಗೆಗೂ ಸಾಕಾಗಿದೆ. ಎರಡು ಕೋಟು ಹಚ್ಚಿ ಒಣಗಿಸಿದೆ. ಇನ್ನು ಅಲುಗಲಿ ನೋಡೋಣ.

ಮಾರ್ಚ್ 24, ಸೋಮವಾರ

ಲೀಕಿಲ್ಲ. ಬೆಡ್‌ಶೀಟ್ ಹಾಲಿನಂತೆ ಬಿಳಿ. "ಏನ್ ಮಾಡಿದೆ ಮಾರಾಯ್ತಿ, ಮೊದಲೇ ಮಾಡಬಾರದಿತ್ತಾ" ಅಂದರು ಅತ್ತಿಗೆ. ವ್ಯಾಪಾರದ ಗುಟ್ಟು ಅಂದೆ. ನಕ್ಕರು. ಅವರು ನಕ್ಕು ಎಷ್ಟು ಕಾಲವಾಗಿತ್ತೋ.

ಅಣ್ಣ ಗೋಡೆಯ ಕಡೆ ತಿರುಗಿ ಮಲಗಿದ್ದ. ನಿದ್ದೆ ಇರಬೇಕು.

ಮಾರ್ಚ್ 28, ಶುಕ್ರವಾರ

ನಿದ್ದೆಯಲ್ಲ. ನಾಲ್ಕು ದಿನದಿಂದ ಹೀಗೇ ಅಂತೆ. ಊಟ ಎರಡು ತುತ್ತು. ಫಿಸಿಯೋದವಳು ಬಂದರೆ ಕಣ್ಣೇ ಬಿಡುವುದಿಲ್ಲ. ಪೆನ್ನು ಕಿಟಕಿ ಕಟ್ಟೆಯ ಮೇಲೆ ಬಿದ್ದಿತ್ತು.

ಹತ್ತಿರ ಕೂತೆ. ಏನಾಯ್ತಣ್ಣ, ನೋವಾ? ತಲೆ ಅಲ್ಲಾಡಿಸಿದ. ಆಮೇಲೆ:

"ಅಂಗಡಿ... ಕೊಟ್ಬಿಡು."

ನಾನು ಕೇಳಲಾರದೆ ಇಟ್ಟುಕೊಂಡಿದ್ದ ಪ್ರಶ್ನೆಗೆ ಅವನೇ ಉತ್ತರ ಕೊಟ್ಟ. ಬಿಡಣ್ಣ, ಆಮೇಲೆ ನೋಡೋಣ ಅಂದೆ. ಮತ್ತೆ ಗೋಡೆಗೆ ತಿರುಗಿದ.

ದಾರಿಯಲ್ಲಿ ಅತ್ತೆ. ಅಳು ದುಃಖದ್ದೋ, ಭಾರ ಇಳಿದದ್ದಕ್ಕೋ... ಎರಡೂ ಇತ್ತು ಅಂತ ಕಾಣುತ್ತೆ. ನಾಚಿಕೆಯಾಯಿತು.

ಮಾರ್ಚ್ 31, ಸೋಮವಾರ

ಜೆರಾಕ್ಸಿನವನಿಗೆ ಹೂಂ ಅಂದೆ. ಪಾಪ, ಹಿಗ್ಗಿ ಹೀರೆಕಾಯಿ ಆದ. ಮುಂದಿನ ವಾರ ಟೇಪ್ ತಂದು ಅಳತೆ ಮಾಡ್ಕೊಳ್ತಾನಂತೆ. ಬೆಂಚನ್ನು ಏನು ಮಾಡ್ತೀರಿ ಅಂತ ಕೇಳಿದ. ಗೊತ್ತಿಲ್ಲ ಅಂದೆ.

ಏಪ್ರಿಲ್ 5, ಶನಿವಾರ

ಅತ್ತಿಗೆ ಅಂಗಡಿಗೇ ಬಂದರು. ಎಂದೂ ಬರುವವರಲ್ಲ. ಚೀಲದಿಂದ ಕರೀ ಪೆನ್ನು ತೆಗೆದು ಬೆಂಚಿನ ಮೇಲಿಟ್ಟು ಕುರ್ಚಿಯಲ್ಲಿ ಕುಸಿದರು.

"ನೋಡು ನಿಮ್ಮಣ್ಣನ ಅವತಾರ. ನಾನು ಎದ್ದು ಬರ್ತೀನಿ, ಪೆನ್ನು ಬಾಯಲ್ಲಿದೆ. ತುಟಿಯೆಲ್ಲ ನೀಲಿ. ಮಗು ಥರ ಕಚ್ಚಿ ಕೂತಿದಾರೆ. ಕೈ ಹೋಯ್ತು, ಮಾತು ಹೋಯ್ತು, ಈಗ ಬುದ್ಧಿನೂ ಹೋಯ್ತಲ್ಲೇ..."

ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ನೀರು ಕೊಟ್ಟೆ. ಬೆನ್ನು ಸವರಿದೆ. ಹಾಗೇನಿಲ್ಲ ಅತ್ತಿಗೆ, ಬೇಜಾರಿಗೆ ಹಾಗೆ ಮಾಡಿರ್ತಾನೆ ಅಂದೆ. ನನಗೇ ನಂಬಿಕೆ ಇರಲಿಲ್ಲ. ಅವರು ಹೋದ ಮೇಲೂ ಪೆನ್ನು ಮುಟ್ಟಲು ಮನಸ್ಸಾಗಲಿಲ್ಲ. ಹಲ್ಲಿನ ಗುರುತು ಬರಿಗಣ್ಣಿಗೇ ಕಾಣುತ್ತಿತ್ತು.

ಅದೇ ದಿನ, ಸಂಜೆ 4

ಮಸೂರ ಹಾಕಿ ನೋಡಿದೆ. ಅಭ್ಯಾಸಬಲ, ಇನ್ನೇನೂ ಅಲ್ಲ.

ಪೆನ್ನು ಕಚ್ಚುವವರನ್ನು ಬೇಕಾದಷ್ಟು ನೋಡಿದ್ದೇನೆ. ಯೋಚನೆ ಮಾಡುತ್ತಾ ಕಚ್ಚುವವರು ಬಾಲ ಕಚ್ಚುತ್ತಾರೆ, ಕ್ಯಾಪು ಕಚ್ಚುತ್ತಾರೆ. ನಿಬ್ಬಿನ ಕಡೆ ಯಾರೂ ಬಾಯಿ ಹಾಕುವುದಿಲ್ಲ. ಕಚ್ಚಿದರೆ ಗುಂಡಿ ಬೀಳುತ್ತದೆ, ಅಲ್ಲೊಂದು ಇಲ್ಲೊಂದು. ಇಲ್ಲಿ ಗುಂಡಿಯಿಲ್ಲ. ಗೆರೆಗಳು. ನಿಬ್ಬಿನ ಭುಜದ ಮೇಲೆ, ಕೆಳಗೆ ನಾಲಿಗೆಯ ಮೇಲೆ. ಎಲ್ಲವೂ ನೆಟ್ಟಗೆ, ಎಲ್ಲವೂ ಹೊರಮುಖವಾಗಿ. ನಾವು ಬಿಚ್ಚಲು ಬೆರಳು ಇಡುತ್ತೇವಲ್ಲ, ಕರೆಕ್ಟಾಗಿ ಅದೇ ಜಾಗದಲ್ಲಿ.

ಇದು ಕಚ್ಚಿದ್ದಲ್ಲ. ಎಳೆದದ್ದು.

ಅಯ್ಯೋ ದೇವರೇ. ಅವನು ಪೆನ್ನು ಬಿಚ್ಚುತ್ತಿದ್ದ.

ಮೊದಲಿನಿಂದಲೂ. ಅತ್ತಿಗೆ ಮಲಗಿದಾಗ ಮೊಣಕಾಲ ಮಧ್ಯೆ ಸಿಕ್ಕಿಸಿಕೊಂಡು, ಎಡಗೈಯಲ್ಲಿ, ತೆಗೆಯುವುದು, ಹಾಕುವುದು. ಎಡ ಹೆಬ್ಬೆರಳು ಒತ್ತಿದರೆ ನಿಬ್ಬು ಎಡಕ್ಕೇ ತಿರುಗುತ್ತದೆ, ಇನ್ನೆಲ್ಲಿಗೆ ಹೋಗುತ್ತದೆ? ಬೆಡ್‌ಶೀಟಿನ ಇಂಕು ಲೀಕಲ್ಲ. ಬಿಚ್ಚಿದಾಗ ಚೆಲ್ಲಿದ್ದು. ಟ್ಯೂಬಿನ ತುಂಡು ನಾನು ಕಳೆದುಕೊಂಡಿಲ್ಲ. ಅವನು ಎತ್ತಿಟ್ಟುಕೊಂಡಿದ್ದಾನೆ.

ಪೆನ್ನಿಗೆ ಏನೂ ಆಗಿರಲಿಲ್ಲ. ಆಗಿದ್ದೆಲ್ಲ ನಾನು ಅರಗು ಹಾಕಿದ ಮೇಲೆ ಆದದ್ದು. ಟ್ಯೂಬಿಗೆ ಬರಲಿಲ್ಲ. ಕೈಯಲ್ಲಿ ಶಕ್ತಿಯೇ ಉಳಿದಿಲ್ಲ ಅಂದುಕೊಂಡಿರಬೇಕು. ಅದಕ್ಕೇ ಕೊಟ್ಬಿಡು ಅಂದ. ಆಮೇಲೂ ಮನಸ್ಸು ಕೇಳದೆ ಹಲ್ಲು ಹಾಕಿದ. ನನ್ನ ಕಣ್ಣಿಗೆ ಏನಾಗಿತ್ತು?

ಶಟರ್ ಎಳೆದು ಹೊರಡುತ್ತಿದ್ದೇನೆ.

ಏಪ್ರಿಲ್ 6, ಭಾನುವಾರ

ನಿನ್ನೆ ಬರೆಯಲಿಕ್ಕೆ ಆಗಲಿಲ್ಲ. ನೆನಪಿರುವಷ್ಟು ಈಗ.

ಅಣ್ಣ ಗೋಡೆ ಕಡೆ ಮುಖ. ತುಟಿಯ ನೀಲಿ ಪೂರ್ತಿ ಹೋಗಿರಲಿಲ್ಲ. ದಿಂಬಿನ ಕೆಳಗೆ ಕೈ ಹಾಕಿದೆ. ಟ್ಯೂಬಿನ ತುಂಡು ಸಿಕ್ಕಿತು. ಇಂಕು ಕುಡಿದು ಕುಡಿದು ಬಿರುಸಾಗಿತ್ತು. ಅವನು ತಿರುಗಿ ನೋಡಿದ, ಕಳ್ಳ ಸಿಕ್ಕಿಬಿದ್ದ ಹಾಗೆ.

"ಅಣ್ಣ, ನಿನ್ನ ಕೈಯದ್ದೇನೂ ತಪ್ಪಿಲ್ಲ. ಬರೋ ಹಾಗೇ ಇರಲಿಲ್ಲ ಅದು. ನಾನು ಅರಗು ಹಾಕಿದೀನಿ."

ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ಮುಖ ಕೆಂಪಗಾಯಿತು. ಎಡಗೈ ಊರಿ ಎದ್ದು ಕೂತ. ತಾನೇ! ಅತ್ತಿಗೆ ಬಾಗಿಲಲ್ಲಿ ನಿಂತವರು ಹಾಗೇ ನಿಂತರು.

"ನಿಬ್... ನಿಬ್ಬಿಗೆ?"

"ಹೂಂ."

"ನಿಬ್ಬಿಗೆ... ಅರಗು?"

"ಹೂಂ ಕಣಣ್ಣ."

"ಕತ್ತೆ!"

ಲಕ್ವ ಹೊಡೆದಾಗಿನಿಂದ ಈ ಎಂಟು ತಿಂಗಳಲ್ಲಿ ಇಷ್ಟು ಸ್ಪಷ್ಟವಾಗಿ ಒಂದು ಪದ ಬಂದಿರಲಿಲ್ಲ. ಅತ್ತಿಗೆ ನಗಲೋ ಅಳಲೋ ಗೊತ್ತಾಗದೆ ಬಾಗಿಲು ಹಿಡಿದುಕೊಂಡರು. ನಾನಂತೂ ಅತ್ತೇಬಿಟ್ಟೆ. ಬೈಸಿಕೊಂಡು ಇಷ್ಟು ಸಂತೋಷ ಯಾವತ್ತೂ ಆಗಿಲ್ಲ.

ಯಾಕೆ ಹೇಳಲಿಲ್ಲ ಅಂತ ಕೇಳಿದೆ. ನನ್ನ ಎದುರಿಗೇ ಬಿಚ್ಚಬಹುದಿತ್ತಲ್ಲ. ಹೆಬ್ಬೆರಳು ತೋರಿಸಿದ, ಗಾಳಿಯಲ್ಲಿ ಎಡಕ್ಕೆ ತಿರುಗಿಸಿದ. "ನೆಟ್ಟಗೆ... ಬರ್ಲಿ... ಅಂತ." ನೆಟ್ಟಗೆ ಕೂರಿಸಿದ ಮೇಲೆ ತೋರಿಸೋಣ ಅಂತಿದ್ದ. ನಾನು ಪ್ರತಿಸಲ ಅವನು ಕೂರಿಸಿದ್ದನ್ನು ತಂದು ಸರಿ ಮಾಡಿ ಕೊಡುತ್ತಿದ್ದೆ. ತಪ್ಪು ತಿದ್ದಿದ ಹಾಗೆ.

ಏಪ್ರಿಲ್ 7, ಸೋಮವಾರ

ಹೇರ್ ಡ್ರೈಯರ್ ಹಿಡಿದು ಅರಗು ಮೆತ್ತಗೆ ಮಾಡಿದೆ. ನಿಧಾನ, ನಿಧಾನ. ಜಾಸ್ತಿ ಬಿಸಿಯಾದರೆ ಕತ್ತು ಸೊಟ್ಟಗಾಗುತ್ತದೆ. ಇಡೀ ಬೆಳಿಗ್ಗೆ ಅದೇ ಕೆಲಸ. ನಾನೇ ಹಾಕಿದ ಅರಗಿಗೆ ನಾನೇ ಶಾಪ ಹಾಕುತ್ತಾ ಸ್ಪಿರಿಟ್ ಹಚ್ಚಿ ಕೆರೆದೆ. ನಿಬ್ಬು ಬಂತು. ಹಲ್ಲಿನ ಗೆರೆಗಳನ್ನು ಉಜ್ಜಿ ತೆಗೆಯಬಹುದಿತ್ತು. ತೆಗೆಯಲಿಲ್ಲ.

ಮರದ ಒಂದು ತುಂಡಿಗೆ ತೂತು ಕೊರೆದು ಬೆಂಚಿಗೆ ಬಿಗಿದೆ. ಪೆನ್ನಿನ ಕತ್ತು ಅದರಲ್ಲಿ ನಿಲ್ಲುತ್ತದೆ, ಇನ್ನೊಂದು ಕೈ ಬೇಡ. ಮೊಣಕಾಲೂ ಬೇಡ. ಸೊಂಟ ಹಿಡಿದುಕೊಂಡಿದೆ.

ಏಪ್ರಿಲ್ 9, ಬುಧವಾರ, ಮಧ್ಯಾಹ್ನ

ಅಣ್ಣ ಬಂದಿದ್ದಾನೆ.

ಅತ್ತಿಗೆ ಗಾಡಿ ಮಾಡಿಕೊಂಡು ಕರೆತಂದರು. ಮೂರು ಮೆಟ್ಟಿಲು ಹತ್ತಿಸುವಷ್ಟರಲ್ಲಿ ನನಗೂ ಅತ್ತಿಗೆಗೂ ಏದುಸಿರು. ಕುರ್ಚಿಯ ಧೂಳು ಒರೆಸಿ ಕೂರಿಸಿದೆವು. ಬೆಂಚಿನ ಮೇಲೆ ಎಡಗೈ ಆಡಿಸಿದ. ನನ್ನ ಸಾಮಾನೆಲ್ಲ ಅವನ ಜಾಗದಲ್ಲಿದೆ ಅಂತ ಗುರ್ ಅಂದ. ಮರದ ತುಂಡು ನೋಡಿದ. ಅಲ್ಲಾಡಿಸಿ ನೋಡಿದ. ಬೈಯಲಿಲ್ಲ.

ಬೆಳಗಿನಿಂದ ಕೂತಿದ್ದಾನೆ. ತೆಗೆಯುತ್ತಾನೆ, ಹಾಕುತ್ತಾನೆ. ಎಡಕ್ಕೆ. ಮತ್ತೆ ತೆಗೆಯುತ್ತಾನೆ. ನನ್ನ ಕೈ ತಾನಾಗೇ ಮುಂದೆ ಹೋಗುತ್ತದೆ, ಹಿಂದಕ್ಕೆ ಎಳೆದುಕೊಳ್ಳುತ್ತೇನೆ. ಇದರಿಂದ ಅಂಗಡಿ ನಡೆಯುವುದಿಲ್ಲ, ಗೊತ್ತು. ಒಂದು ನಿಬ್ಬಿಗೆ ಅರ್ಧ ದಿನವಾದರೆ ಗಿರಾಕಿಗಳು ಕಾಯುತ್ತಾರೆಯೇ? ಕೆಲಸ ನನಗೇ ಇನ್ನೂ ಜಾಸ್ತಿ. ಇವನನ್ನು ಕರೆತರುವುದು, ಕೂರಿಸುವುದು, ಬಾತ್‌ರೂಮಿಗೆ... ನೆನೆದರೇ ಸುಸ್ತು.

ಪ್ರೊಫೆಸರ್ ಬಂದರು. ಅಣ್ಣನನ್ನು ನೋಡಿ ಬಾಯಿ ತೆರೆದು ನಿಂತರು. ಅಣ್ಣ ಅವರ ಪೆನ್ನಿಗೆ ಬೆರಳು ತೋರಿಸಿ "ಹಿಂದಕ್ಕೆ... ಮೊದ್ಲು" ಅಂದ. ತಿರುಗಿಸಿದರು. ಟಕ್. "ಓಹೋ!" ಅಂದರು, ಹೊಸದಾಗಿ ಕೇಳಿದವರ ಹಾಗೆ. ಇವರಿಗೆ ಇಷ್ಟು ದಿನ ನಾನು ಏನು ಗೋಡೆಗೆ ಹೇಳುತ್ತಿದ್ದೆನೇ?

ಅದೇ ದಿನ, 5 ಗಂಟೆ

ಜೆರಾಕ್ಸಿನವನು ಟೇಪ್ ಹಿಡಿದು ಬಂದ. ಬಾಗಿಲಲ್ಲೇ ತಡೆದು ನಿಂತ. "ಅಕ್ಕ... ಅಳತೆ..." ನಾನು ಕೆಲಸ ಬಿಟ್ಟು ಎದ್ದೆ. ಅಣ್ಣ ತಲೆ ಎತ್ತಲಿಲ್ಲ. ಹೆಬ್ಬೆರಳು ನಿಬ್ಬಿನ ಮೇಲಿತ್ತು.

"ಬೆಳಕಿಗೆ... ಅಡ್ಡ... ನಿಲ್ಲಬೇಡ್ವೋ."

ಅವನು ಥಟ್ಟನೆ ಪಕ್ಕಕ್ಕೆ ಸರಿದ. ಸ್ವಲ್ಪ ಹೊತ್ತು ನೋಡುತ್ತಾ ನಿಂತಿದ್ದು, ಟೇಪ್ ಸುತ್ತಿ ಜೇಬಿಗೆ ಹಾಕಿಕೊಂಡು ಹೋದ. ನಾಳೆ ನಾನೇ ಹೋಗಿ ಸರಿಯಾಗಿ ಮಾತಾಡಬೇಕು. ಪಾಪ, ಆಸೆ ತೋರಿಸಿ ಇಲ್ಲ ಅನ್ನುವುದು.

ಇದನ್ನು ಬರೆಯುತ್ತಿರುವುದು ಆ ಕರೀ ಪೆನ್ನಿನಲ್ಲಿ. ಈಗಷ್ಟೇ ಕೂರಿಸಿ ಇಂಕು ತುಂಬಿಸಿ ನನ್ನ ಕೈಗೆ ಕೊಟ್ಟ. ಮಸೂರ ಹಾಕಿ ನೋಡಲಿಲ್ಲ. ನೋಡದೆಯೂ ಗೊತ್ತು, ಒಂದು ಕೂದಲೆಳೆ ಎಡಕ್ಕಿದೆ. ಬರೆಯುತ್ತದೆ. ಒಂದು ಕಡೆ ಸ್ವಲ್ಪ ದಪ್ಪ, ಅಷ್ಟೇ. ಸುಳ್ಳು ಬಿಗಿಯಲ್ಲ. ಚೆನ್ನಾಗಿದೆ ಕಣಣ್ಣ ಅಂದೆ.

"ಸುಳ್ಳಿ" ಅಂದ. ಕೈ ಚಾಚಿ ಕೂತಿದ್ದಾನೆ, ಎಡಗೈ. ವಾಪಸ್ ಬೇಕಂತೆ, ಇನ್ನೊಂದು ಸಲ ಬಿಚ್ಚುತ್ತಾನಂತೆ. ತಾಳು, ಈ ಸಾಲು ಮುಗಿಸ್ತೀನಿ ಅಂದರೆ ಕೇಳುವ ಆಸಾಮಿಯೇ? ಮೇಜು ಕುಟ್ಟುತ್ತಿದ್ದಾನೆ, ಪೆನ್ನಿಗೇ ಕೈ ಹಾಕುತ್ತಿದ್ದಾನೆ. ನಾಳೆ ಬೆಳಿಗ್ಗೆ ಮೊದಲು ಜೆರಾಕ್ಸಿನವನ ಹತ್ತಿರ ಹೋಗಿ